ಹೆಪ್ಪುಗಟ್ಟಬಾರದ ಕಣಗಳು

ಬೇಸಿಗೆಯ ಬಿಸಿಲು ಕಿಟಕಿಯೊಳಗೆ ಇಳಿಯುವ ಹೊತ್ತಿಗೆ ಪ್ರಯೋಗಾಲಯದಲ್ಲಿ ಕೆಲಸ ಶುರುವಾಗಿತ್ತು. ಒಬ್ಬರು ಗಾಜಿನ ಸಾಮಾನು ತೊಳೆಯುತ್ತಿದ್ದರು, ಇನ್ನೊಬ್ಬರು ಇಲಿಗಳ ಪಂಜರಕ್ಕೆ ನೀರಿಡುತ್ತಿದ್ದರು.

ಅವಳು ಮಾತ್ರ ಸೀಸೆಯೊಂದನ್ನು ಬೆಳಕಿಗೆ ಹಿಡಿದು ನಿಂತಿದ್ದಳು. ಒಳಗೆ ಒಡೆದ ಹಾಲಿನಂಥ ಗರಣೆ!

"ಇದನ್ನ ಡೀಪ್ ಫ್ರೀಜರಿಗೆ ಹಾಕಿದ್ದು ಯಾರು?"

"ನಾನು..." ಎಂದ ಅವನು. ಪಕ್ಕದ ಮೇಜಿಗೆ ಬಂದು ತಿಂಗಳಾಗಿತ್ತು. ಇಬ್ಬರ ನಡುವಿನ ಮೊದಲ ಮಾತೇ ಇದು!

ಕಾಯಿಲೆ ತರುವ ಜೀನಿನ ಬಾಯಿ ಮುಚ್ಚಿಸುವ ಆರ್‌ಎನ್‌ಎ ತಯಾರಿಸುವುದು ಅವನ ಕೆಲಸ. ಅದನ್ನು ಕೊಬ್ಬಿನ ಅತಿಸೂಕ್ಷ್ಮ ಕಣಗಳಲ್ಲಿ ಸುತ್ತಿ ಯಕೃತ್ತಿಗೆ ತಲುಪುವಂತೆ ಮಾಡುವುದು ಅವಳದು. ನಾಳೆ ಇಲಿಗಳಿಗೆ ಚುಚ್ಚಬೇಕಿತ್ತು. ತಪ್ಪಿದರೆ ಮುಂದಿನ ಸರದಿ ಮಳೆಗಾಲಕ್ಕೆ.

"ನಿನ್ನೆ ಸಂಜೆ ನೀವು ಹೋದ್ಮೇಲೆ ಫ್ರಿಜ್ ಕೆಟ್ಟಿತ್ತು. ನಮ್ಮ ಆರ್‌ಎನ್‌ಎ ಆದ್ರೆ ತಕ್ಷಣ ಹೆಪ್ಪುಗಟ್ಟಿಸ್ತೀವಿ. ಹಾಗೇ..."

"ಕೊಬ್ಬಿನ ಕಣ ಹೆಪ್ಪುಗಟ್ಟಿದ್ರೆ ಒಡೆದು ಅಂಟ್ಕೊಳ್ಳುತ್ತೆ! ಫೋನ್ ಮಾಡಿ ಕೇಳ್ಬಹುದಿತ್ತಲ್ಲ? ಜೀನಿನ ಬಾಯಿ ಮುಚ್ಚಿಸ್ತಾ ನಿಮ್ಮ ಬಾಯಿನೂ ಮುಚ್ಚೋಯ್ತಾ?"



ಉಳಿದ ಸೀಸೆಗಳಾದರೂ... ಎಂದು ಅವಳು ಫ್ರೀಜರ್ ತೆರೆದಳು. ಅವಳವೆಲ್ಲ ಹೆಪ್ಪುಗಟ್ಟಿ ಅವನ ಖಾನೆಯಲ್ಲಿದ್ದವು. ಅವನದು ಒಂದೂ ಇರಲಿಲ್ಲ.

"ನಿಮ್ಮದೆಲ್ಲಿ?"

ಅವನು ಮೇಜಿನ ಮೇಲಿದ್ದ ಐಸ್ ಡಬ್ಬಿ ತೋರಿಸಿದ. ಐಸೆಲ್ಲ ಕರಗಿ, ಸೀಸೆಗಳು ಬೆಚ್ಚಗಿನ ನೀರಿನಲ್ಲಿ ತೇಲುತ್ತಿದ್ದವು.

"ಜಾಗ ಇರ್ಲಿಲ್ಲ. ಯಾರದ್ದಾದ್ರೂ ಹೊರಗೆ ಬರ್ಬೇಕಿತ್ತು."

ಸಿಟ್ಟು ಮಾಡಬೇಕೋ, ಅಳಬೇಕೋ? ತನ್ನ ಕಣಗಳನ್ನು ಕೆಡಿಸಿದವನು, ಅವುಗಳನ್ನು ಉಳಿಸಲೆಂದೇ ಅವನ ಆರ್‌ಎನ್‌ಎಯನ್ನೂ ಕೆಡಿಸಿಕೊಂಡಿದ್ದಾನೆ! ಇವನನ್ನು ಏನೆನ್ನುವುದು?

"ಯಾಕೆ?"

"ನೀವು ಸೀಸೆ ಇಡೋದು ಮಗು ಮಲಗಿಸಿದ ಹಾಗೆ. ಒಂದು ತಿಂಗಳಿಂದ ನೋಡ್ತಿದೀನಿ. ಬೇರೇನೂ ನೋಡೋಕಾಗ್ತಿಲ್ಲ..."

ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಕೆಟ್ಟ ಸೀಸೆಗಳನ್ನೇ ದಿಟ್ಟಿಸುತ್ತಾ ಬಾಗಿಲಲ್ಲಿ ನಿಂತಿದ್ದರು.

"ಯಾರದಮ್ಮ ಈ ಘನಕಾರ್ಯ? ಇವರದಾ? ಹಾಗಿದ್ರೆ ಹೇಳು, ಇವತ್ತೇ ಕಳಿಸ್ತೀನಿ."

ಅವನು ಬಾಯಿ ತೆರೆದ. ಅವಳೇ ಮುಂದೆ ಬಂದಳು.

"ಹೆಪ್ಪುಗಟ್ಟಿಸಬಾರದು ಅಂತ ನಾನು ಇವರಿಗೆ ಹೇಳಿರ್ಲಿಲ್ಲ ಮೇಡಂ. ಇಬ್ರ ತಪ್ಪೂ ಇದೆ. ಇಬ್ರೂ ಸೇರಿ ಮೊದಲಿಂದ ಮಾಡ್ತೀವಿ."

"ಮಳೆಗಾಲದವರೆಗೆ ಕಾಯಿರಿ ಹಾಗಾದ್ರೆ," ಎಂದು ಗೊಣಗಿ ಅವರು ಹೋದರು.

"ಈ ಋಣ ಹೇಗೆ ತೀರಿಸ್ಲಿ?" ಎಂದ ಅವನು.

"ತೀರಿಸ್ಬೇಡಿ. ತೀರಿಸಿದ್ರೆ ಎದ್ದು ಹೋಗ್ಬಿಡ್ತೀರಿ."

"ಹೋಗಲ್ಲ!"

"ಮೆಲ್ಲಗೆ..." ಎಂದು ನಕ್ಕಳು ಅವಳು, "ಇಡೀ ಲ್ಯಾಬಿಗೆ ಕೇಳುತ್ತೆ."