ಆರುನೂರು ಮೆಗಾಹರ್ಟ್ಸ್

"ಒಳಗಿದ್ದ ಪ್ರೊಸೆಸರ್ ಏನು ಮಾಡಿದ್ರಿ?"

ಲ್ಯಾಪ್‌ಟಾಪನ್ನು ಕೌಂಟರ್ ಮೇಲೆ ಕುಕ್ಕಿ ಮಧುಶ್ರೀ ಕೇಳಿದಳು. ವಿಜಯನಗರದ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯ ಚಿಕ್ಕಬಸವಯ್ಯನೂ ಎದ್ದು ಬಂದ.

ಮಂಟಯ್ಯ ಸ್ಕ್ರೂಡ್ರೈವರ್ ಕೆಳಗಿಟ್ಟ. ಹೌದು, ಅವನ ಹೆಸರು ಮಂಟಯ್ಯ. ಪ್ರೇಮಕಥೆಯ ಹುಡುಗನಿಗೆ ಇಂಥ ಹೆಸರಾ ಅಂತ ಮೂಗು ಮುರಿಯುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಪಕ್ಕದ ಹಿನಕಲ್ ಊರಿನ ಹುಡುಗ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಕೆಟ್ಟ ಮೆಷಿನ್‌ಗಳನ್ನು ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತವನು.

"ಏನಂದ್ರಿ ಮೇಡಂ?"

"ಸಾವಿರದ ಆರುನೂರು ಮೆಗಾಹರ್ಟ್ಸ್ ಸ್ಪೀಡ್ ಇರ್ಬೇಕು. ಮನೇಲಿ ಬರೀ ಆರುನೂರು ತೋರಿಸ್ತಿದೆ. ಒಂದು ಪುಟ ತೆರೆಯೋಕೆ ಒಂದು ನಿಮಿಷ. ಸೋಮವಾರ ನಾನು ಥೀಸಿಸ್ ಕೊಡ್ಬೇಕು. ನಮ್ಮಪ್ಪ ಹೇಳಿದ್ದೇ ಸರಿ... ಒಳ್ಳೇದನ್ನ ತೆಗೆದು ಹಳೇದು ಹಾಕಿದ್ದೀರ. ಇದನ್ನ ಕಳ್ಳತನ ಅಂತಾರೆ."

ಮಾತು ಹೊರಬಿದ್ದ ಮೇಲೆ ಅವಳ ಎದೆ ಚುರುಕ್ ಅಂದಿತು.

ಸೋದರಮಾವ ಬಳಸಿ ಕೊಟ್ಟಿದ್ದ ಹಳೇ ಲ್ಯಾಪ್‌ಟಾಪ್ ಅದು. ಒಂದೇ ತಿಂಗಳಲ್ಲಿ ಮೂರು ಸಲ ರಿಪೇರಿಗೆ ತಂದಿದ್ದಳು. ಅವನು ಬ್ರಷ್ಷಿನಲ್ಲಿ ಫ್ಯಾನಿನ ಧೂಳು ತೆಗೆಯುವಾಗ ಸ್ಟೂಲಿನ ಮೇಲೆ ಕೂತು ಆ ಕೈಗಳನ್ನೇ ನೋಡುತ್ತ ಥೀಸಿಸ್ಸನ್ನೂ ಮರೆತಿದ್ದಳು. ಈ ಕೈ ಕದಿಯುತ್ತಾ...? ಆದರೆ ಮನೆಯಲ್ಲಿ ಕಣ್ಣಾರೆ ನೋಡಿದ್ದೇನಲ್ಲ?

ಮಂಟಯ್ಯ ಯಾವಾಗಿನಂತೆ ಅಂಗಡಿಯ ಬ್ಯಾಟರಿ ಸಿಕ್ಕಿಸಿ, ಆನ್ ಮಾಡಿ, ಪರದೆಯನ್ನು ಅವಳ ಕಡೆ ತಿರುಗಿಸಿದ. ಸಾವಿರದ ಆರುನೂರು.

"ಇಲ್ಲಿ ಸರಿ ಇರುತ್ತೆ. ಮನೇಲಿ ಇರಲ್ಲ," ಎಂದಳು ಹಟದಿಂದ.

"ಅಂಗಾದ್ರೆ ಮನೇಲೇ ನೋಡಾಣ, ನಡೀರಿ. ಓದಿಲ್ಲ ಅಂತ ಅನ್ನಿ, ಒಪ್ಕತೀನಿ. ಕಳ್ಳ ಅಂದ್ರೆ ಸುಮ್ನಿರಲ್ಲ."

ತನ್ನ ಬ್ಯಾಟರಿ ಕಳಚಿಟ್ಟು, ಶಟರ್ ಎಳೆದು ಹೊರಟೇಬಿಟ್ಟ.

ಕುವೆಂಪುನಗರದ ಮನೆಯಲ್ಲಿ ಮಧುಶ್ರೀಯ ಅಪ್ಪ, ನಿವೃತ್ತ ಹೆಡ್‌ಮಾಸ್ಟರ್ ಶಿವಮಲ್ಲಪ್ಪ, ಬಾಗಿಲು ತೆಗೆದರು. ಕೂರು ಅನ್ನಲಿಲ್ಲ. ಮಂಟಯ್ಯ ತಾನಾಗೇ ಕೂತ.

ಚಾರ್ಜರ್ ಸಿಕ್ಕಿಸಿ ಆನ್ ಮಾಡಿದರೆ... ಆರುನೂರು.

"ಕಂಡ್ಯಾ? ಈಗೇನಂತೀಯ?" ಶಿವಮಲ್ಲಪ್ಪನವರ ದನಿಯಲ್ಲಿ ಗೆದ್ದ ಗತ್ತು.

ಮಂಟಯ್ಯ ಲ್ಯಾಪ್‌ಟಾಪನ್ನು ಮಗುಚಿದ. ಬ್ಯಾಟರಿ ಇರಬೇಕಾದ ಜಾಗ ಖಾಲಿ.

"ಬ್ಯಾಟರಿ ಎಲ್ಲಿ ಸಾರ್?"

"ಬೀರುವಿನಲ್ಲಿ ಭದ್ರವಾಗಿದೆ. ಮನೇಲಿ ಕರೆಂಟ್ ಇರುವಾಗ ಅದನ್ನ ಯಾಕೆ ಸುಮ್ನೆ ಸವೆಸ್ಬೇಕು?"

"ಕರೆಂಟ್ ಹೋದ್ರೆ?"

"ಹೋದಾಗ ತೆಗೆದು ಹಾಕೋದು."

ಮಂಟಯ್ಯ ಒಂದು ಕ್ಷಣ ಕಣ್ಣು ಮುಚ್ಚಿಕೊಂಡ.

ರೇಷ್ಮೆ ಸೀರೆಗಳ ನಡುವೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬ್ಯಾಟರಿಯನ್ನು ಮಧುಶ್ರೀಯೇ ತಂದಳು. ಅವನು ಸಿಕ್ಕಿಸಿ ಮತ್ತೆ ಆನ್ ಮಾಡಿದ. ಸಾವಿರದ ಆರುನೂರು.

"ಈ ಮಾಡೆಲ್ಲು ಅಂಗೇ ಸಾರ್. ಬ್ಯಾಟರಿ ಇಲ್ದಿದ್ರೆ ಚಾರ್ಜರ್ ಒಂದನ್ನೇ ನಂಬಲ್ಲ, ತಾನೇ ಸ್ಪೀಡ್ ಇಳಿಸ್ಕತದೆ." ಅವಳ ಕಡೆ ತಿರುಗಿದ. "ಬ್ಯಾಟರಿ ಮನೇಲೈತೆ ಅಂದಿದ್ರಿ. ಬ್ಯಾಗು ಭಾರ ಅಂತ ಬಿಟ್ಟು ಬತ್ತೀರ ಅನ್ಕಂಡೆ. ಕೇಳ್ದೇ ಇದ್ದಿದ್ದು ನನ್ನ ತಪ್ಪು. ಅದೊಂದೇ ನನ್ನ ತಪ್ಪು."

ಅವಳ ಕಣ್ಣು ತುಂಬಿತು. "ಕ್ಷಮಿಸಿ..."

"ಕಳ್ಳ ಅಂದಿದ್ದು ಅಂಗಡೀಲಿ ಮೇಡಂ, ನಾಲ್ಕು ಜನದ ಎದ್ರು. ಇಲ್ಲಿ ಮೆಲ್ಲಗೆ ಹೇಳಿದ್ರೆ ಅವ್ರಿಗೆ ಎಂಗೆ ಕೇಳ್ತದೆ?"

ಅವನು ಹೋದ. ಮಧುಶ್ರೀ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ? ರಿಪೇರಿಯವನ ಮುಂದೆ ಹೋಗಿ ಕೈ ಮುಗೀತೀಯಾ?" ಅಪ್ಪ ಅಡ್ಡ ನಿಂತರು.

"ಬೈಯೋಕೆ ಕಳಿಸಿದಾಗ ಅಡ್ಡ ನಿಲ್ಲಲಿಲ್ಲವಲ್ಲಪ್ಪ ನೀವು."

ಶಿವಮಲ್ಲಪ್ಪ ಸರಿದು ದಾರಿ ಬಿಟ್ಟರು.

ಅಂಗಡಿ ಆಗಷ್ಟೇ ತೆರೆದಿತ್ತು. ಆಗ ಇದ್ದ ಗಿರಾಕಿಗಳಲ್ಲಿ ಇಬ್ಬರು ಇನ್ನೂ ಅಲ್ಲೇ ಕಾಯುತ್ತಿದ್ದರು. ಮಧುಶ್ರೀ ಕೌಂಟರ್ ಮುಂದೆ ಬಂದು ನಿಂತಳು. ದನಿ ನಡುಗಲಿಲ್ಲ.

"ನಾನು ಇವರನ್ನ ಕಳ್ಳ ಅಂದೆ. ಇವರು ಏನೂ ಕದ್ದಿಲ್ಲ. ತಪ್ಪು ನಮ್ಮನೇದು, ನಂದು."

"ಒಸಿ ಜೋರಾಗೇಳವ್ವ, ಬೋಂಡದ ಗಾಡಿಯೋನಿಗೂ ಕೇಳ್ಲಿ," ಅಂದ ಚಿಕ್ಕಬಸವಯ್ಯ.

ಅವಳು ರಸ್ತೆಯ ಕಡೆ ತಿರುಗಿ ಜೋರಾಗಿಯೇ ಹೇಳಿದಳು, ಮೊದಲಿಂದ ಕೊನೆವರೆಗೆ.

"ಸಾಕು ಕಣ್ರೀ," ಅಂದ ಮಂಟಯ್ಯ. "ನನಗೋಸ್ಕರ ಯಾರೂ ಇಷ್ಟು ಜೋರಾಗಿ ಮಾತಾಡಿರ್ಲಿಲ್ಲ."

"ಇನ್ನೊಂದು ಮಾತಿದೆ. ಅದನ್ನೂ ಎಲ್ಲರಿಗೂ ಕೇಳೋ ಹಾಗೆ ಹೇಳ್ಲಾ?"

ಚಿಕ್ಕಬಸವಯ್ಯ ಗಿರಾಕಿಗಳನ್ನು ತನ್ನ ಅಂಗಡಿಗೆ ಎಳೆದುಕೊಂಡು ಹೋದ.

"ಈಗ ಹೇಳಿ," ಅಂದ ಮಂಟಯ್ಯ.

"ನಿಮ್ಮನ್ನ ಕಂಡ್ರೆ ನಂಗಿಷ್ಟ. ತಿಂಗಳಿಂದ..."

ಅವನು ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡ.

"ನೀವು ಬಂದೋದ್ ದಿನ ಇನ್ನೊಂದ್ ಮೆಷಿನ್ ಮುಟ್ಟೋಕೆ ಕೈ ಬತ್ತಿರ್ಲಿಲ್ಲ ನಂಗೆ. ಆದ್ರೆ ನಿಮ್ಮಪ್ಪ ಒಪ್ಪಲ್ಲ."

"ನಾನು ಒಪ್ಪಿದ್ದೀನಿ. ಈಗ್ಲೇ ಹೋಗಿ ಹೇಳೋಣ ಬನ್ನಿ. ಮಾತು ನಂದು, ನೀವು ಪಕ್ಕದಲ್ಲಿ ನಿಂತ್ರೆ ಸಾಕು."

"ಈಗ್ಲೇನಾ? ಅಂಗಿ ತುಂಬ ಧೂಳು ಐತಲ್ರೀ..."

"ಇರ್ಲಿ ಬನ್ನಿ. ಮುಚ್ಚಿಟ್ಕೊಂಡು ಹೋಗೋಕೆ ನಾವೇನು ತಪ್ಪು ಮಾಡಿದ್ದೀವಾ?"