ಕುಂಕುಮ ಕಾಣದ ಹರಳು

ಮಗನ ತಿಥಿ ಮುಗಿಸಿದ ಮಾರನೆಯ ಬೆಳಿಗ್ಗೆಯೇ ಕೊಟ್ರವ್ವ ಹರಿಹರದಲ್ಲಿ ಬಸ್ಸು ಹತ್ತಿ, ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದಳು. ನಮ್ಮ ಮನೆ ಎಂದೆನಲ್ಲ, ಅದು ತಿಪ್ಪೇರುದ್ರಪ್ಪನವರ ಮನೆ. ಟೆಲಿಫೋನ್ ಇಲಾಖೆಯ ಇಂಜಿನಿಯರಾಗಿ ನಿವೃತ್ತರಾದ ಮೇಲೆ ಊರವರ ಒಗಟುಗಳನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಚಟ ಅವರಿಗೆ. ನಾನು ಕೆಂಚವೀರಪ್ಪ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಮುಂದಿನ ಕೋಣೆಯ ಬಾಡಿಗೆದಾರ. ಅವರ ಹಿಂದೆ ಚೀಲ ಹಿಡಿದು ಅಲೆಯುವುದು ನನ್ನ ಹಣೆಬರಹ. ಅದು 1985ರ ಮಾರ್ಚ್ ತಿಂಗಳು.

“ನನ್ನ ಸಣ್ಣ ಮಗ ದುರುಗಣ್ಣ ತಗಡು ಒತ್ತೋ ಪ್ರೆಸ್ ಮಿಷನ್ನಿಗೆ ಸಿಕ್ಕಿ ಹೋಗ್ಬಿಟ್ಟ ಯಜಮಾನ್ರೆ,” ಎಂದಳು ಕೊಟ್ರವ್ವ. ಅಳು ಬತ್ತಿಹೋದ ದನಿ. “ಮಿಷನ್ನಿನ ಪೆಟ್ಟಿಗೆ ಮಾಡಿದ್ದು ಫಜಲುಲ್ಲಾ ಅಂತ ಅವ್ನನ್ನ ಪೊಲೀಸ್ರು ಒಳಗೆ ಹಾಕ್ಯಾರೆ. ಅವ್ನು ನಮ್ಮ ಪಕ್ಕದ ಮನೆ ಬೀಬಿಜಾನ್ ಮಗ. ನನ್ನ ಕೈತುತ್ತು ತಿಂದು ಬೆಳೆದೋನು. ಅಂಥಾ ತಪ್ಪು ಮಾಡೋನಲ್ರಿ ಅವ್ನು.”

ಸತ್ತವನ ತಾಯಿಯೇ ಆರೋಪಿಯ ಪರ ಬೇಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಮನೆಯಲ್ಲಿ ಇನ್ಯಾರಿದ್ದಾರವ್ವ?” ಎಂದು ಕೇಳಿದರು ತಿಪ್ಪೇರುದ್ರಪ್ಪ.

“ದೊಡ್ಡ ಮಗ ಅಂಜಿನಪ್ಪ. ಮೊದ್ಲು ಲೋಕಿಕೆರೆ ಕಡೆ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತತಿದ್ದ. ಈಗ ಅದೇ ವರ್ಕ್‌ಶಾಪಿನಾಗೆ ಫೋರ್‌ಮನ್ನು. ತಮ್ಮನ್ನ ಅಲ್ಲಿ ಸೇರಿಸಿದೋನೂ ಅವ್ನೆ. ಈಗ ಅನ್ನ ನೀರು ಬಿಟ್ಟು ಗೋಡೆ ನೋಡ್ಕಂಡು ಕುಂತಾನೆ.” ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. “ಯಾರು ಮಾಡಿದ್ರು ಅಂತ ಹುಡುಕಿಕೊಡ್ರಿ. ಅವ್ನ ಎದುರಿಗೆ ನಿಂತು ನೆಟಿಗೆ ಮುರಿದು ಶಾಪ ಹಾಕ್ತೀನಿ. ಆಮ್ಯಾಲೆ ನನ್ನ ಜೀವ ಹೋದ್ರೂ ಹೋಗ್ಲಿ.”

ಹರಿಹರದಲ್ಲಿ ಮೊದಲು ಠಾಣೆಗೆ ಹೋದೆವು. ಫಜಲುಲ್ಲಾ ಮೂಲೆಯಲ್ಲಿ ಮುದುಡಿ ಕೂತಿದ್ದ. “ಯಾವುದೋ ಲೆಕ್ಕ ತಪ್ಪಿರ್ಬೇಕು ಸಾರ್. ನಾನೇ ಕೊಂದಿರ್ಬೇಕು,” ಎಂದು ಒಂದೇ ಮಾತು ಹೇಳಿ ಗೋಡೆಯ ಕಡೆ ತಿರುಗಿದ. ತನ್ನ ಮೇಲೆ ತನಗೇ ನಂಬಿಕೆ ಹೋದವನನ್ನು ಬಿಡಿಸಿ ತಂದರೂ ಏನು ಪ್ರಯೋಜನ ಎನಿಸಿತು ನನಗೆ.

ವರ್ಕ್‌ಶಾಪು ರೈಲ್ವೆ ಸ್ಟೇಷನ್ನಿನ ಹಿಂದಿನ ತಗಡಿನ ಶೆಡ್ಡು. ಮಾಲೀಕ ಜಮಾಲುದ್ದೀನ್ ಪ್ರೆಸ್ಸು ತೋರಿಸಿದರು. ಪಕ್ಕದ ಗೋಡೆಗೆ ಫಜಲುಲ್ಲಾನ ಕಂಟ್ರೋಲ್ ಪೆಟ್ಟಿಗೆ. ಅದರೊಳಗೆ ಒಂದು ಕ್ರಿಸ್ಟಲ್ ಹರಳು ತಾಳ ಹಾಕುತ್ತದೆ, ಆ ತಾಳಕ್ಕೆ ಮಿಷನ್ನಿನ ಕೆಲಸವೆಲ್ಲ ನಡೆಯುತ್ತದೆ. ಪ್ರತಿ ಏಟಿಗೂ ಮುಂಚೆ ಒಂದು ತಾಳದಲ್ಲಿ, ಅಡ್ಡ ಹಾಯುವ ಬೆಳಕಿನ ಕಿರಣವನ್ನು ಪೆಟ್ಟಿಗೆ ವಿಚಾರಿಸಿಕೊಳ್ಳುತ್ತದೆ. ಕೈ ಅಡ್ಡ ಇದ್ದರೆ ಏಟು ಬೀಳಬಾರದು. ಅದನ್ನು ನಂಬಿಯೇ ದುರುಗಣ್ಣ ಸಿಕ್ಕಿಕೊಂಡ ತಗಡು ಬಿಡಿಸಲು ಕೈ ಹಾಕಿದ್ದ.

“ಪೊಲೀಸ್ರು ಬೆಳಿಗ್ಗೆ ನೋಡಿದ್ರೆ ನಿಲ್ತೈತೆ, ಮಧ್ಯಾಹ್ನ ನೋಡಿದ್ರೆ ನಿಲ್ಲಂಗಿಲ್ಲ,” ಎಂದರು ಜಮಾಲುದ್ದೀನ್. “ಪೆಟ್ಟಿಗೆನೇ ಹುಳುಕು ಅಂದ್ರು. ಆಯುಧ ಪೂಜೆ ಹಿಂದಿನ ದಿನ ಕೂಡಿಸಿ ಹೋದ ಫಜಲುಲ್ಲಾ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ಅವತ್ತೇ ಸ್ಪೀಡು ಹೆಚ್ಚು ಮಾಡಪ್ಪಾ ಅಂದಿದ್ದೆ. ಅದಕ್ಕೆ ಬೋರ್ಡೇ ಬ್ಯಾರೆ ಮಾಡ್ಬೇಕು, ಸಂಕ್ರಾಂತಿ ತನಕ ಟೈಮ್ ಕೊಡ್ರಿ ಅಂದ. ಅಷ್ಟ್ರಾಗೆ ಮಿಷನ್ನೇ ಪಳಗಿ ಜೋರಾಗಿ ಓಡಾಕೆ ಶುರು ಆತು. ಹಂಗಾಗಿ ಕರೆಸ್ಲಿಲ್ಲ.”

“ಪೆಟ್ಟಿಗೆಯ ಕೀಲಿ?”

“ನನ್ನ ಹತ್ರ ಒಂದು, ಅಂಜಿನಪ್ಪನ ಹತ್ರ ಒಂದು.”

ಮುಚ್ಚಳ ತೆಗೆದಾಗ ನನಗೆ ನಗು ಬರಬೇಕಿತ್ತು, ಅಳು ಬಂತು. ಒಳಗಿನ ಬೋರ್ಡಿನ ಪ್ರತಿಯೊಂದು ಎಲೆಕ್ಟ್ರಾನಿಕ್ ಚಿಪ್ಪಿಗೂ, ಸ್ಕ್ರೂಗೂ ಕುಂಕುಮದ ಬೊಟ್ಟು. ದುರುಗಣ್ಣನ ಆಯುಧ ಪೂಜೆಯಂತೆ. ದೇವರಿಗೆ ಮೋಸವಾಗಬಾರದೆಂದು ಬೆಂಕಿಕಡ್ಡಿಯ ತುದಿಯಿಂದ ಒಂದನ್ನೂ ಬಿಡದೆ ಇಟ್ಟಿದ್ದನಂತೆ. ಬಣ್ಣದ ಮೇಷ್ಟ್ರ ಕಣ್ಣಿಗೆ ಇನ್ನೊಂದೂ ಬಿತ್ತು: ನಡುವೆ ಹರಳಿರುವ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಗೆ ಮಾತ್ರ ಬೊಟ್ಟಿರಲಿಲ್ಲ. ಅದರ ಕಾಲುಗಳಿಗೆ ನೂಲು ಬಿಗಿದು ವಾರ್ನಿಷ್ ಬಳಿದಿತ್ತು.

ತಿಪ್ಪೇರುದ್ರಪ್ಪ ಮೂಲೆಗೆ ಹೋಗಿ ಹಳೆಯ ನೀರಿನ ಮೋಟಾರಿನ ಮುಚ್ಚಳ ಬಿಚ್ಚಿಸಿದರು. ಅಲ್ಲೂ ತಂತಿಯ ತುದಿಗೆ ನೂಲು, ವಾರ್ನಿಷ್.

“ಎಲ್ಲೋ ಹೊಗೆ, ಎಲ್ಲೋ ಬೆಂಕಿ. ಕೊಂದದ್ದು ನೀರಿನ ಮೋಟಾರೇನು?” ಎಂದು ರೇಗಿಸಿದೆ. ಇಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಸೋತದ್ದನ್ನು ನಾನು ನೋಡಿರಲಿಲ್ಲ.

“ಮೇಷ್ಟ್ರೆ, ಈ ಕೇಸು ಇಲ್ಲಿಗೇ ಬಿಟ್ಟು ಮನೆಗೆ ಹೋಗಿಬಿಡೋಣವೇ?” ಎಂದರು. ಮತ್ತೆ ತಾವೇ ತಲೆಯಾಡಿಸಿ, “ಫಜಲುಲ್ಲಾ ಒಳಗಿದ್ದಾನೆ. ಬಿಡಲಾಗದು,” ಎಂದರು.

ಮಾರನೆಯ ಮಧ್ಯಾಹ್ನ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ತಗಡು ಕಾದು ಕೆಂಡವಾಗಿತ್ತು. ಸಬ್‌ಇನ್ಸ್‌ಪೆಕ್ಟರ್, ಕೈಗೆ ಬೇಡಿ ಹಾಕಿದ ಫಜಲುಲ್ಲಾ, ಜಮಾಲುದ್ದೀನ್, ಅಂಜಿನಪ್ಪ. ಬೀಬಿಜಾನ್ ಮತ್ತು ಕೊಟ್ರವ್ವ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು.

ತಿಪ್ಪೇರುದ್ರಪ್ಪ ಮಿಷನ್ ಹಾಕಿಸಿ, ಕಿರಣಕ್ಕೆ ಅಡ್ಡವಾಗಿ ಒಂದು ಕೋಲು ಚಾಚಿದರು. ಏಟು ಬಿತ್ತು. ಕೋಲು ಮುರಿಯಿತು. ಕೊಟ್ರವ್ವ ಕಣ್ಣು ಮುಚ್ಚಿಕೊಂಡಳು.

“ಮನೆಗೆ ಆರ್‌ಸಿಸಿ ಹಾಕುವಾಗ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತದಲ್ಲ, ಈ ಬೋರ್ಡೂ ಹಾಗೆಯೇ,” ಎಂದರು. “‘ಕೈ ಅಡ್ಡ ಇದೆ, ನಿಲ್ಲು’ ಎನ್ನುವ ಸುದ್ದಿ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ದಾಟಿ ಕೊನೆ ಮುಟ್ಟಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಫಜಲುಲ್ಲಾ ಅದಕ್ಕೆ ತಕ್ಕ ನಿಧಾನದ ತಾಳ ಇಟ್ಟಿದ್ದ. ಯಾರೋ ಅವನ ಹರಳು ಕಿತ್ತು, ಎರಡು ಪಟ್ಟು ವೇಗದ್ದನ್ನು ಹಾಕಿದರು. ಸುದ್ದಿ ಮುಟ್ಟುವ ಮೊದಲೇ ಮುಂದಿನ ತಾಳ ಬಿತ್ತು. ವೇಗ ಬೇಕಿದ್ದರೆ ಸಾಲಿನ ನಡುವೆ ಬಾಂಡ್ಲಿ ಇಳಿಸಿಕೊಳ್ಳಲು ಒಂದು ಕಟ್ಟೆ ಕಟ್ಟಬೇಕು. ಆಗ ಒಂದೊಂದು ತಾಳಕ್ಕೆ ಅರ್ಧ ದಾರಿ ಸಾಕು. ಫಜಲುಲ್ಲಾ ಸಂಕ್ರಾಂತಿ ತನಕ ಟೈಮ್ ಕೇಳಿದ್ದು ಆ ಕಟ್ಟೆಗೆ.”

“ಹಂಗಾದ್ರೆ ಚಳಿಗಾಲದಾಗೆ ಯಾಕೆ ಏನೂ ಆಗ್ಲಿಲ್ಲ?” ಎಂದರು ಇನ್ಸ್‌ಪೆಕ್ಟರ್.

“ಬಿಸಿಯಾದಷ್ಟೂ ಚಿಪ್ಪು ಮಂದ. ತಂಪಿನಲ್ಲಿ ಸುದ್ದಿ ಕೂದಲೆಳೆಯ ಅಂತರದಲ್ಲಿ ಮುಟ್ಟುತ್ತಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಯಿತು. ಮೊದಲ ಬಿರುಬಿಸಿಲಿನ ಮಧ್ಯಾಹ್ನ ದುರುಗಣ್ಣ ಕೈ ಹಾಕಿದ. ಈ ಹರಳಿಗೆ ಕುಂಕುಮವಿಲ್ಲ. ಅಂದರೆ ಪೂಜೆಯಾದ ಮೇಲೆ ಕೂತದ್ದು. ಪೂಜೆಯಾದ ಮೇಲೆ ಫಜಲುಲ್ಲಾ ಇಲ್ಲಿಗೆ ಬಂದಿಲ್ಲ. ಕೀಲಿ ಇದ್ದದ್ದು ಇಬ್ಬರ ಹತ್ತಿರ. ಬೋರ್ಡಿನ ಕೆಲಸದವರು ಹರಳಿನ ಕಾಲಿಗೆ ನೂಲು ಬಿಗಿಯುವುದಿಲ್ಲ, ವಾರ್ನಿಷ್ ಬಳಿಯುವುದಿಲ್ಲ. ಅದು ಮೋಟಾರ್ ಸುತ್ತುವವರ ಕೈ...”

ಅವರು ಮಾತು ಮುಗಿಸಲಿಲ್ಲ. ಅಂಜಿನಪ್ಪ ನೆಲಕ್ಕೆ ಕುಸಿದಿದ್ದ.

“ಮಾಲು ತಡ ಆದ್ರೆ ಕೊನೇಗೆ ಸೇರಿದೋರ್ನ ಮೊದ್ಲು ತೆಗೀತೀನಿ ಅಂದಿದ್ರು ಸಾಹೇಬ್ರು,” ಎಂದು ತೊದಲಿದ. “ಕೊನೇಗೆ ಸೇರಿದೋನು ನನ್ನ ತಮ್ಮನೇ. ಅದಕ್ಕೆ ಜೋರು ಹರಳು ಹಾಕಿದೆ. ಕಾರ್ತೀಕದಾಗೆ ಮುಂಜಾನೆ ಮುಂಜಾನೆ ಕೋಲು ಹಿಡಿದು ನೋಡ್ದೆ. ಪ್ರತಿ ಸಲನೂ ನಿಲ್ತಿತ್ತವ್ವಾ. ಆಮ್ಯಾಲೆ ನಾನೇ ಅವ್ನಿಗೆ ಹೇಳ್ದೆ, ಹೆದರ್ಬ್ಯಾಡ, ಕೈ ಹಾಕು ಅಂತ. ಫಜಲೂನ ಹಿಡ್ಕಂಡು ಹೋಗೋವಾಗ ಬಾಯಿ ಬರ್ಲಿಲ್ಲ. ನಿನಗೆ ಹೆಂಗೆ ಹೇಳ್ಲಿ?”

ಜಮಾಲುದ್ದೀನ್ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರ್ ಫಜಲುಲ್ಲಾನ ಬೇಡಿ ಬಿಚ್ಚಿ, ಅದನ್ನು ಕೈಯಲ್ಲಿ ಹಿಡಿದು ಅಂಜಿನಪ್ಪನ ಕಡೆ ನೋಡಿದರು. ಬೀಬಿಜಾನ್ ಮಗನ ಕಡೆ ಹೋಗಲಿಲ್ಲ. ಕೊಟ್ರವ್ವನ ಕೈ ಬಿಡಲು ಆಕೆಗೆ ಮನಸ್ಸಾಗಲಿಲ್ಲ.

ಕೊಟ್ರವ್ವನೇ ಕೈ ಬಿಡಿಸಿಕೊಂಡು ಎದ್ದಳು. ಅಂಜಿನಪ್ಪನ ಎದುರು ನಿಂತು ಎರಡೂ ಕೈ ಎತ್ತಿ ಬೆರಳು ಮಡಿಚಿದಳು. ನಮ್ಮ ಮನೆಯಲ್ಲಿ ಆಡಿದ ಮಾತು ನನಗೆ ನೆನಪಿತ್ತು. ನಾನು ಮುಖ ತಿರುಗಿಸಿದೆ.

“ಹಾಕವ್ವಾ,” ಎಂದ ಅಂಜಿನಪ್ಪ. “ಶಾಪ ಹಾಕು.”

ನಾನು ತಿರುಗಿ ನೋಡಿದಾಗ ಮುದುಕಿಯ ಕೈಗಳು ಮಗನ ಎರಡೂ ಕೆನ್ನೆ ಸವರುತ್ತಿದ್ದವು. ಸವರಿದ ಕೈಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು, ಹಸುಗೂಸಿಗೆ ದೃಷ್ಟಿ ತೆಗೆಯುವ ಹಾಗೆ. ಆಮೇಲೆ ತಿಪ್ಪೇರುದ್ರಪ್ಪನವರ ಕಡೆ ತಿರುಗಿದಳು.

“ಹುಡುಕಿಕೊಡ್ರಿ ಅಂದೆ, ಹುಡುಕಿಕೊಟ್ರಿ. ನಿಮ್ದೇನೂ ತಪ್ಪಿಲ್ಲ ಯಜಮಾನ್ರೆ,” ಎಂದಳು. “ಈಗ ಮನೆಗೆ ಹೋಗಿ ನಾನು ಯಾರಿಗೆ ಅಂತ ರೊಟ್ಟಿ ಬಡೀಲಿ, ಅದೊಂದು ಹೇಳ್ರಿ.”