ತಿಗಣೆ ಹತ್ತದ ಕೌದಿ

ಎರಡು ವರ್ಷದಲ್ಲಿ ಇದು ಮೂರನೆಯ ಮಗು. ತೊರಗಲ್ಲು ಊರಿನ ಹೊರಗಿನ ಒಂದೇ ಓಣಿಯಲ್ಲಿ, ಮೂವರಿಗೂ ಅದೇ ರಕ್ತದ ಕ್ಯಾನ್ಸರು! ಹನ್ನೆರಡು ವರ್ಷದ ಹಿನಾಕೌಸರ್ ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿ ನಾಳೆ ಮನೆಗೆ ಬರುವವಳು. ಯಾವುದರಿಂದ ಬಂತೆಂದು ತಿಳಿಯದೆ ಅವಳನ್ನು ಅದೇ ಮನೆಯಲ್ಲಿ ಮಲಗಿಸುವುದು ಹೇಗೆ?

ಆರೋಗ್ಯ ಕೇಂದ್ರದ ನರ್ಸ್ ನಾಗರತ್ನಾಗೆ ಊಟ ಸೇರಲಿಲ್ಲ. ಹಣೆಬರಹ ಎಂದು ಕೈತೊಳೆದುಕೊಳ್ಳುವವರನ್ನು ಕಂಡರೆ ಅವಳಿಗೆ ಆಗದು. ಬೋರ್‌ವೆಲ್ ನೀರು ಪರೀಕ್ಷೆಗೆ ಹೋಯಿತು—ದೋಷ ಸಿಗಲಿಲ್ಲ. ಔಷಧಿ ಹೊಡೆದ ಹೊಲದ ಗಾಳಿಯೆ? ಅದು ಊರಿಗೆಲ್ಲ ಬೀಸುತ್ತದೆ.

ಹಿನಾಳ ತಾಯಿ ಹುಸೇನಮಾಳನ್ನು ಮತ್ತೆ ಕೇಳಿದಳು.

"ಸಣ್ಣ ಮಗಳು ಆರಾಮ ಅದಾಳಲ್ಲ—ಅಕಿ ಬ್ಯಾರೆ ಏನರ ತಿಂತಾಳೇನು?"

"ಇಲ್ರೀ ಬಾಯಿ. ಇಬ್ಬರಿಗೂ ಒಂದ ನೀರು, ಒಂದ ರೊಟ್ಟಿ."

"ಮಲಗೂದು?"

"ಸಣ್ಣಾಕಿ ನಮ್ಮವ್ವನ ಕಂಬಳಿ ಬಿಟ್ಟ ಮಲಗೂದಿಲ್ಲ. ಹಿನಾಗ ಹುಟ್ಟಿದಾಗಿಂದ ರಾಚವ್ವಾಯಿ ಕೌದಿ. ಅಕಿ ಕೌದಿ ಅಂದ್ರ ಹಗರಲ್ರಿ—ಹನ್ನೆರಡ ವರ್ಷಾತು, ಒಂದ ತಗಣಿ ಹತ್ತಿಲ್ಲ!"

ನಾಗರತ್ನಾ ಪೆನ್ನು ಕೆಳಗಿಟ್ಟಳು. ಕಾಯಿಲೆ ಬಿದ್ದ ಉಳಿದಿಬ್ಬರು ಮಕ್ಕಳ ಮನೆಗೆ ಓಡಿದಳು. ಅಲ್ಲೂ ರಾಚವ್ವನ ಕೌದಿ. ಅಲ್ಲೂ ಅದೇ ಹೊಗಳಿಕೆ.

ರಾಚವ್ವ ಓಣಿಗೆಲ್ಲ ಅಜ್ಜಿ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದು ಕೊಡುವ ಜೀವ. ಈಗಲೂ ಕಟ್ಟೆಯ ಮೇಲೆ ಹಿನಾಳಿಗೆಂದೇ ಹೊಸದೊಂದನ್ನು ಹೊಲಿಯುತ್ತಿದ್ದಳು.

"ಆಯಿ, ನಿನ್ನ ಕೌದಿಗೆ ತಗಣಿ ಯಾಕ ಹತ್ತೂದಿಲ್ಲ?"

ಮುದುಕಿ ಹಿಗ್ಗಿದಳು. "ಪದರಿನ ನಡುವ ಹತ್ತಿ ಹೊಲಕ್ಕ ಹೊಡಿಯೋ ಹುಳದ ಪುಡಿ ಉದುರಸ್ತೇನವ್ವ. ಒಗದ್ರ ಪುಡಿ ಹೋಗತೈತಿ ಅಂತ ವರ್ಷಾ ವರ್ಷಾ ಬಿಚ್ಚಿ ಮತ್ತ ಹಾಕತೇನಿ. ಕೂಸಿಗೆ ಕಡೀಬಾರದಲ್ಲ?"

ಕಾಗದದ ಪೊಟ್ಟಣ ತೋರಿಸಿದಳು. ಬಿಳಿ ಪುಡಿ. ಹೆಸರಿಲ್ಲ, ಚೀಟಿಯಿಲ್ಲ.

"ಹುಳಾ ಸಾಯೋ ಪುಡ್ಯಾಗ ಕೂಸು ಮಲಗೂದ, ಆಯಿ?" ನಾಗರತ್ನಾ ಪೊಟ್ಟಣ ಕಸಿದುಕೊಂಡಳು. "ನೀರು ಹುಡುಕಿದೆ, ಗಾಳಿ ಹುಡುಕಿದೆ. ಎಲ್ಲಾರೂ ಹೊಗಳಿದ್ದನ್ನ ಹುಡುಕಲಿಲ್ಲ. ಇದರಿಂದನ ಬಂತು ಅಂತ ಡಾಕ್ಟರೂ ಆಣಿ ಮಾಡಿ ಹೇಳಾಂಗಿಲ್ಲ. ಆದ್ರ ನನ್ನ ಸಂಶೇ ಇದರ ಮ್ಯಾಲ."

"ನಾನ... ನಾನ ಮಾಡಿದ್ನೇನವ್ವ?"

"ಹೆಸರಿಲ್ಲದ ವಿಷಾ ಪೊಟ್ಟಣಾ ಕಟ್ಟಿ ನಿನ್ನ ಕೈಯಾಗ ಕೊಟ್ಟನಲ್ಲ, ಆ ಅಂಗಡಿಯಾಂವ ಮಾಡಿದ. ಅಧಿಕಾರಿಗೋಳನ್ನ ಕರಕೊಂಡ ಅವನ ಅಂಗಡಿಗೆ ಹೊಕ್ಕೇನಿ."

ಕೌದಿಗಳೆಲ್ಲ ಮೊಹರು ಹಾಕಿಸಿಕೊಂಡು ಪರೀಕ್ಷೆಗೆ ಹೋದವು. ರಾಚವ್ವ ಆಮೇಲೆ ಸೂಜಿ ಮುಟ್ಟಲಿಲ್ಲ. ಯಾರು ಸಮಾಧಾನ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಪಾಪ.

ಮರುದಿನ ಸಂಜೆ, ಆಸ್ಪತ್ರೆಯಿಂದ ಮನೆಗೆ ಬಂದ ಹಿನಾ, ಕೂದಲುದುರಿದ ತಲೆಗೆ ದುಪಟ್ಟಾ ಸುತ್ತಿಕೊಂಡು, ತಾಯಿಯ ಒಗೆದ ಸೀರೆ ಹಿಡಿದು ಕಟ್ಟೆಗೆ ಬಂದಳು. ನಡೆದದ್ದೆಲ್ಲ ಅವಳಿಗೆ ಗೊತ್ತಾಗಿತ್ತು. ಮುದುಕಿ ಮುಖ ಮುಚ್ಚಿಕೊಂಡಳು.

"ಆಯಿ, ಥಂಡಿ ಆಗೇತಿ. ಕೌದಿ ಹೊಲಿದ ಕೊಡು," ಎಂದಳು ಹಿನಾ. "ತಗಣಿ ಕಡದ್ರ ಕಡೀಲಿ. ಸೂಜಿಗೆ ದಾರ ನಾ ಪೋಣಸ್ತೇನಿ."